‘ಮಹಾನಗರ’ದ ಆರತಿ

ಸತ್ಯಜಿತ್ ರಾಯರ ‘ಮಹಾನಗರ’ವನ್ನು (1963) ಬಡತನದ ಕಥೆಯೆಂದು ನೋಡುವುದು ಸುಲಭ. ಸ್ವಾತಂತ್ರ್ಯಾನಂತರದ ಕಲಕತ್ತೆಯಲ್ಲಿ ಬ್ಯಾಂಕಿನ ನೌಕರನಾದ ಸುಬ್ರತನ ಸಂಬಳ ತುಂಬಿದ ಮನೆಗೆ ಸಾಲದು. ಹೆಂಡತಿ ಆರತಿ ಮನೆಮನೆಗೆ ಹೋಗಿ ಹೆಣಿಗೆಯ ಯಂತ್ರ ಮಾರಲು ಹೊರಡುತ್ತಾಳೆ. ನಿವೃತ್ತ ಉಪಾಧ್ಯಾಯನಾದ ಮಾವ ಮುನಿಯುತ್ತಾನೆ. ನರೇಂದ್ರನಾಥ ಮಿತ್ರರ ಕಥೆಯನ್ನು ಆಧರಿಸಿದ ಈ ಚಿತ್ರದ ಹೊರಮೈ ಇಷ್ಟೇ. ಆದರೆ ಹೊಸ್ತಿಲು ದಾಟಿದ ಮೇಲೆ ಆರತಿಯಲ್ಲಿ ಮೂಡುವ ಆಸೆಯೇ ರಾಯರ ನಿಜವಾದ ವಸ್ತುವೆಂದು ನನ್ನ ಅಭಿಪ್ರಾಯ. ಮನೆಯ ಅಡಚಣೆ ಅವಳಿಗೆ ದಾಟಲು ದೊರೆತ ನೆಪ.

ಮೊದಲ ಸಂಬಳ ಬಂದ ದಿನದ ದೃಶ್ಯವನ್ನು ನೆನೆಯಬೇಕು. ಆರತಿ ಆಫೀಸಿನ ಕನ್ನಡಿಯ ಮುಂದೆ ಹೊಸ ನೋಟುಗಳನ್ನು ಹಿಡಿದು ತನ್ನನ್ನು ತಾನೇ ನೋಡಿಕೊಳ್ಳುತ್ತಾಳೆ. ಆ ಹಣ ಯಾವ ಖರ್ಚಿಗೆಂಬ ಯೋಚನೆ ಆ ಮುಖದಲ್ಲಿಲ್ಲ. ತಾನೂ ಒಬ್ಬಳು ಎಂಬ ಬೆರಗು ಅದು. ಮಾಧವಿ ಮುಖರ್ಜಿಯವರು ಅದನ್ನು ಮಾತಿನ ನೆರವಿಲ್ಲದೆ ತೋರಿಸಿದ್ದಾರೆ. ಆಂಗ್ಲೋ-ಇಂಡಿಯನ್ ಸಹೋದ್ಯೋಗಿ ಈಡಿತ್ ಕೊಟ್ಟ ಲಿಪ್‌ಸ್ಟಿಕ್ಕಿನಲ್ಲಿಯೂ ಇದೇ ಬೆರಗಿದೆ. ಗಂಡ ಅದನ್ನು ಕಂಡು ಚುಚ್ಚಿ ಮಾತನಾಡಿದಾಗ ಆಕೆ ಕಿಟಕಿಯಿಂದ ಹೊರಗೆಸೆದುಬಿಡುತ್ತಾಳೆ. ಸಂಬಳವನ್ನು ಸಹಿಸಿದ ಮನೆ ತುಟಿಯ ಬಣ್ಣವನ್ನು ಸಹಿಸದು. ಕುಟುಂಬಕ್ಕೆ ಉಪಯೋಗವಾಗುವಷ್ಟು ಸ್ವಾತಂತ್ರ್ಯವನ್ನೇ ಹೆಣ್ಣಿಗೆ ಅಳೆದುಕೊಡುವ ಈ ಲೆಕ್ಕ, ಹೊರನಾಡಿನಲ್ಲಿ ನೆಲೆಸಿ ಮನೆಯ ಹೆಣ್ಣುಮಕ್ಕಳನ್ನು ಕಚೇರಿಗೆ ಕಳಿಸಿದ ನಮಗೂ ಅಪರಿಚಿತವಲ್ಲ.

ರಾಜೀನಾಮೆ ಕೊಡೆಂದು ಸುಬ್ರತ ಒತ್ತಾಯಿಸುತ್ತಾನೆ, ಪತ್ರವೂ ಸಿದ್ಧವಾಗುತ್ತದೆ. ಅಷ್ಟರಲ್ಲಿ ಅವನ ಬ್ಯಾಂಕೇ ಮುಳುಗುತ್ತದೆ. (ಠೇವಣಿಗಳಿಗೆ ವಿಮೆಯ ರಕ್ಷಣೆ ನಮ್ಮ ದೇಶದಲ್ಲಿ ಬಂದುದು 1962ರಲ್ಲಿ, ರೊಚ್ಚಿಗೆದ್ದ ಆ ಗುಂಪನ್ನು ಕಂಡಾಗ ನನ್ನಂಥ ಬ್ಯಾಂಕಿನವನ ಎದೆ ಝಲ್ಲೆನ್ನುತ್ತದೆ.) ಕೆಲಸ ಬಿಡಬೇಡವೆಂದು ಅದೇ ಗಂಡ ಟೆಲಿಫೋನಿನಲ್ಲಿ ಹೇಳುತ್ತಾನೆ.

ಕೊನೆಗೆ ಈಡಿತಳ ಶೀಲವನ್ನು ಹಳಿದು ಯಜಮಾನನು ಅವಳನ್ನು ಕೆಲಸದಿಂದ ತೆಗೆದಾಗ, ಕ್ಷಮೆ ಕೇಳಬೇಕೆಂದು ಆರತಿ ಪಟ್ಟುಹಿಡಿಯುತ್ತಾಳೆ. ಆತ ಒಪ್ಪದಿರಲು ಅದೇ ಹಳೆಯ ಪತ್ರವನ್ನು ಕೊಟ್ಟು ಹೊರಬರುತ್ತಾಳೆ. ಇದನ್ನು ತ್ಯಾಗವೆಂದರೆ ಆರತಿಗೆ ಅನ್ಯಾಯವಾದೀತು. ಗಂಡನ ಮಾನವನ್ನು ಉಳಿಸಲೆಂದು ಸಿದ್ಧವಾದ ಪತ್ರವು ಒಂದಕ್ಷರವೂ ಬದಲಾಗದೆ ಈಗ ಅವಳ ಸ್ವಂತ ಇಚ್ಛೆಯ ಪತ್ರವಾಗಿದೆ. ಗಂಡನ ಸಂಬಳವೂ ನಿಂತ ಮನೆಗೆ ಅದರ ಬೆಲೆ ಎಷ್ಟೆಂಬುದು ಅವಳಿಗೆ ತಿಳಿಯದ್ದೇನಲ್ಲ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಕಚೇರಿಯಿಂದ ಹೊರಬಂದವಳನ್ನು ಸುಬ್ರತನು ಮೆಚ್ಚಿ ಸಂತೈಸುವುದು ತೀರ ಬೇಗನೆ ಆಯಿತು. ಅಷ್ಟು ಕಾಲ ಸಂಶಯದಲ್ಲಿ ಬೆಂದ ಮನಸ್ಸು ಕ್ಷಣಮಾತ್ರದಲ್ಲಿ ತಿಳಿಯಾಗುವುದೇ? ಇಷ್ಟು ದೊಡ್ಡ ನಗರದಲ್ಲಿ ಇಬ್ಬರಲ್ಲೊಬ್ಬರಿಗಾದರೂ ಕೆಲಸ ಸಿಕ್ಕೀತೆಂಬ ಭರವಸೆಯಿಂದ ದಂಪತಿಗಳು ಜನಜಂಗುಳಿಯಲ್ಲಿ ಸೇರುತ್ತಾರೆ. ಆ ಒಬ್ಬರು ಸುಬ್ರತನೇ ಆದರೆ ಆರತಿ ಮತ್ತೆ ಅಡಿಗೆಮನೆಗೆ ಮರಳಬೇಕೋ? ರಾಯರು ಈ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿದ್ದಾರೆ.