ಲಕ್ವದ ಅರಿವು ಅರ್ಧ ದಾರಿಗೇ ನಿಂತಿದೆ

ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನ ಬಂದರೆ ‘ಫಾಸ್ಟ್’ ಸೂತ್ರದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಮುಖ ಸೊಟ್ಟಗಾಯಿತೆ, ಎತ್ತಿದ ಕೈ ಕೆಳಗಿಳಿಯಿತೆ, ಮಾತು ತೊದಲಿತೆ, ಹಾಗಿದ್ದರೆ ತಡಮಾಡಬೇಡಿ. ಓದು ಬಾರದವರೂ ಮಾಡಬಹುದಾದ ಪರೀಕ್ಷೆ. ಇದರಿಂದ ಜೀವಗಳು ಉಳಿದಿವೆ. ಆದರೆ ಏಕಾಏಕಿ ಕಣ್ಣು ಮಂಜಾಗುವುದು, ನಡಿಗೆ ತಪ್ಪುವುದು, ಹಿಂದೆಂದೂ ಬಾರದಂಥ ತಲೆನೋವು ಈ ಸೂತ್ರದಲ್ಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ತಡಮಾಡಬೇಡಿ ಎಂಬುದರಾಚೆ ಮುಂದೇನು ಮಾಡಬೇಕೆಂದು ಅದು ಹೇಳದಿರುವುದು.

ದೇವನಹಳ್ಳಿ ಸೀಮೆಯ ಒಂದು ಮನೆ ಅಂದುಕೊಳ್ಳಿ. ನಸುಕಿಗೆ ಹಾಲು ಕರೆಯಲು ಎದ್ದ ತಾಯಿಯ ಕೈಯಿಂದ ತಂಬಿಗೆ ಜಾರುತ್ತದೆ, ಎಡಗಾಲು ಎಳೆಯುತ್ತದೆ. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತನ್ನು ಎಣಿಸುವುದು ತಂಬಿಗೆ ಜಾರಿದಾಗಿನಿಂದಲ್ಲ, ಆಕೆ ಚೆನ್ನಾಗಿದ್ದುದನ್ನು ಕೊನೆಯ ಸಲ ಕಂಡಾಗಿನಿಂದ. ವೈದ್ಯರು ಮೊದಲು ಕೇಳುವುದೇ ಇದನ್ನು. ರಾತ್ರಿಯೇ ಆಗಿದ್ದರೂ ಕೈಚೆಲ್ಲಬೇಕಿಲ್ಲ. ದೊಡ್ಡ ನಾಳದ ಹೆಪ್ಪನ್ನು ಕೊಳವೆ ತೂರಿಸಿ ತೆಗೆಯುವ ಚಿಕಿತ್ಸೆ ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ.

ಲಕ್ವದ ಬಗೆಗಳ ವಿವರಣೆಯೂ ಸಾಮಾನ್ಯವಾಗಿ ಹೆಸರುಗಳಲ್ಲೇ ಮುಗಿಯುತ್ತದೆ. ನಾಳ ಕಟ್ಟಿಕೊಂಡು ಬರುವುದು ಹೆಚ್ಚು. ನಾಳ ಒಡೆದು ರಕ್ತ ಸೋರುವುದು ಕಡಿಮೆ, ಆದರೆ ಹೆಚ್ಚು ಮಾರಕ. ಹೊರನೋಟಕ್ಕೆ ಎರಡೂ ಒಂದೇ. ಸಿ.ಟಿ. ಸ್ಕ್ಯಾನ್ ಆಗದೆ ವೈದ್ಯರಿಗೂ ಖಚಿತವಾಗದು. ಹಾಗಾಗಿ ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು: ಒಡೆದ ನಾಳವಾದರೆ ಸೋರಿಕೆ ಹೆಚ್ಚೀತು. ನೀರೂ ಬೇಡ, ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಇಳಿದೀತು. ಮೂರನೆಯದೊಂದಿದೆ: ಕೈ ಜೋಮು ಹಿಡಿದು, ಮಾತು ತಡವರಿಸಿ, ಕೆಲವೇ ನಿಮಿಷಗಳಲ್ಲಿ ಎಲ್ಲ ಸರಿಹೋಗುವುದು. ‘ವಾಯು’ ಎಂದು ಸುಮ್ಮನಾಗುತ್ತೇವೆ. ನಿಜವಾದ ಲಕ್ವ ಬರುವ ಅಪಾಯ ಅದರ ಬೆನ್ನಿಗೆ ಬರುವ ಒಂದೆರಡು ದಿನಗಳಲ್ಲೇ ಹೆಚ್ಚು.

ಪಾರಿವಾಳದ ರಕ್ತ ತಿಕ್ಕುವುದು, ಕಾರು ಮಾಡಿಕೊಂಡು ನಾಟಿ ಮದ್ದಿಗೆ ಓಡುವುದು ಇನ್ನೂ ನಿಂತಿಲ್ಲ. ಮೊದಲ ವಾರಗಳಲ್ಲಿ ಹಲವರ ಕೈಕಾಲು ತಾನಾಗಿಯೇ ಸ್ವಲ್ಪ ಮರಳುತ್ತದೆ. ಕೀರ್ತಿ ಮದ್ದಿಗೆ ಹೋಗುತ್ತದೆ. ಕಳೆದುಹೋಗುವುದು ಮಾತ್ರ ಆ ನಾಲ್ಕೂವರೆ ಗಂಟೆ.

ದೇವನಹಳ್ಳಿಯ ನೆಲದಲ್ಲಿ ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ. ರಾಜ್ಯಕ್ಕೆ 108 ಆಂಬುಲೆನ್ಸ್ ಬಂದದ್ದೂ ಅದೇ ವರ್ಷ. ಆದರೆ ಮೆದುಳು-ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್ ಇರುವುದು ಹೆಬ್ಬಾಳದ ದಟ್ಟಣೆ ದಾಟಿ, ಬೆಂಗಳೂರು ನಗರದ ಆಚೆ ಬದಿಯ ಹೊಸೂರು ರಸ್ತೆಯಲ್ಲಿ. ನಿಮಗೆ ಹತ್ತಿರದಲ್ಲಿ ಹಗಲು ರಾತ್ರಿ ಸ್ಕ್ಯಾನ್ ಮಾಡಿ ಆ ಚುಚ್ಚುಮದ್ದು ಕೊಡುವ ಆಸ್ಪತ್ರೆ ಯಾವುದು? ಭಿತ್ತಿಪತ್ರದಲ್ಲಿ ಆ ಹೆಸರೂ ಇರಬೇಕು. ಅಲ್ಲಿಯವರೆಗೆ ನೀವೇ ವಿಚಾರಿಸಿ, ಫೋನ್ ನಂಬರನ್ನು ಮನೆಯ ಗೋಡೆಗೆ ಅಂಟಿಸಿ.