ಬಾಸ್ ಬಂದಾಗ ಒತ್ತುವ ಗುಂಡಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಮೊದಲ ಸುತ್ತು ನಡೆಯುವುದು ಗುರುವಾರ, ಶುಕ್ರವಾರಗಳಂದು, ಹಾಡಹಗಲಲ್ಲಿ. 2006ರಲ್ಲಿ ಸಿಬಿಎಸ್ ವಾಹಿನಿ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೇರಪ್ರಸಾರ ಮಾಡಿತು. ಜೊತೆಗೆ 'ಬಾಸ್ ಬಟನ್' ಎಂಬ ಗುಂಡಿಯನ್ನೂ ಇಟ್ಟಿತು. ಮೇಲಧಿಕಾರಿ ಹತ್ತಿರ ಬಂದಾಗ ಅದನ್ನು ಒತ್ತಿದರೆ ಸದ್ದು ಅಡಗಿ, ಪರದೆಯ ಮೇಲೆ ಲೆಕ್ಕಪತ್ರದ ಸುಳ್ಳು ಹಾಳೆಯೊಂದು ಮೂಡುತ್ತಿತ್ತು.

ತಮಾಷೆಯೆಂದು ನಕ್ಕುಬಿಡಬಹುದು. ಆದರೆ ನೌಕರನ ಕೈಗೆ ಈ ಸುಳ್ಳನ್ನು ಕೊಟ್ಟದ್ದು ಜಾಹೀರಾತಿನ ಹಣ ಎಣಿಸುವ ವಾಹಿನಿ. ಸಿಕ್ಕಿಬಿದ್ದರೆ ಕುತ್ತು ಮಾತ್ರ ನೌಕರನಿಗೇ.

ಕಂಪೆನಿಗಳು ಫಿಲ್ಟರ್ ಹಾಕಿದರೆ ನೌಕರರು ಪ್ರಾಕ್ಸಿಯ ಮೊರೆ ಹೋಗುತ್ತಾರೆ. ಆಗ ಫಿಲ್ಟರಿಗೆ ಕಾಣುವುದು ಪ್ರಾಕ್ಸಿಯ ವಿಳಾಸ ಮಾತ್ರ; ಪಂದ್ಯ ಅದರ ಮರೆಯಲ್ಲಿ ಬರುತ್ತದೆ. ಆದರೆ ಯಾರದೋ ಉಚಿತ ಪ್ರಾಕ್ಸಿಯ ಮೂಲಕ ಪಾಸ್‌ವರ್ಡುಗಳೂ ಪರರ ಪಾಲಾಗಬಹುದು. ನೂರು ಜನ ನೂರು ಕಡೆ ವೀಡಿಯೊ ತೆರೆದರೆ ಇಡೀ ಕಚೇರಿಯ ಸಂಪರ್ಕ ತೆವಳತೊಡಗುತ್ತದೆ. ಆದ್ದರಿಂದ ಫಿಲ್ಟರ್ ಹಾಕಿದವರನ್ನಷ್ಟೇ ನಾವು ದೂರಲಾಗದು.

ಬೇರೆ ದಾರಿಯೂ ಉಂಟೆಂಬುದನ್ನು ನಮ್ಮ ದೇಶದಲ್ಲೇ ಕಂಡಿದ್ದೇವೆ. 2011ರ ಮಾರ್ಚ್ 30, ಬುಧವಾರ, ಮೊಹಾಲಿಯಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಸೆಮಿಫೈನಲ್ ನಡೆದಾಗ ಹಲವು ಕಚೇರಿಗಳು ಅರ್ಧ ದಿನ ರಜೆ ಕೊಟ್ಟವು. ಕೆಲವೆಡೆ ದೊಡ್ಡ ಪರದೆ ಕಟ್ಟಿ ಎಲ್ಲರಿಗೂ ಆಟ ತೋರಿಸಿದರು. ಅಲ್ಲಿ ಅಧಿಕಾರಿ, ನೌಕರ ಒಟ್ಟಿಗೆ ಕುಳಿತು ನೋಡಿದರು. ಯಾರೂ ಏನನ್ನೂ ಬಚ್ಚಿಡಬೇಕಾಗಲಿಲ್ಲ.

ಪ್ರತಿದಿನವೂ ಹೀಗೆ ಮಾಡಲಾಗದು, ನಿಜ. ಆದರೆ ಮುಗಿದ ಕೆಲಸವನ್ನು ಅಳೆಯದೆ ಪರದೆಯನ್ನಷ್ಟೇ ಕಾಯುವ ಕಡೆ, ಕೆಲಸ ಮಾಡುವುದಕ್ಕಿಂತ ಮಾಡುತ್ತಿರುವಂತೆ ಕಾಣುವುದೇ ದೊಡ್ಡದಾಗುತ್ತದೆ. ಅಂಥಲ್ಲಿ ಲೆಕ್ಕಪತ್ರದ ಸುಳ್ಳು ಹಾಳೆಯೊಂದೇ ಸಾಕು.