ದೂಸೆಯ ಮೂಕಾಭಿನಯ

ನಟನ ಕಲೆಯಷ್ಟು ಅಲ್ಪಾಯುಷಿಯಾದ ಕಲೆ ಬೇರೊಂದಿಲ್ಲ. ಕವಿ ಕಾಲವಾದ ಮೇಲೆ ಕಾವ್ಯ ಉಳಿಯುತ್ತದೆ. ಶಿಲ್ಪಿ ಮಣ್ಣಾದ ಮೇಲೂ ಶಿಲೆ ನಿಂತಿರುತ್ತದೆ. ನಟನಾದರೋ ತೆರೆ ಬಿದ್ದೊಡನೆ ತನ್ನ ಕೃತಿಯನ್ನು ತಾನೇ ಅಳಿಸಿ ಮನೆಗೆ ನಡೆಯುತ್ತಾನೆ. ನೋಡಿದವರ ನೆನಪೇ ಅದಕ್ಕೆ ಭಂಡಾರ. ಅವರೂ ಹೋದ ಮೇಲೆ ಹೆಸರೊಂದೇ ಉಳಿಯುತ್ತದೆ. ಚಲಚ್ಚಿತ್ರ ಹುಟ್ಟಿದ ಮೇಲೆ ಈ ಕೊರತೆ ನೀಗುವ ಆಶೆ ತೋರಿತು. ಆದರೆ ಆ ಚಿತ್ರಕ್ಕೆ ಮಾತಿರಲಿಲ್ಲ. ಮಾತನ್ನೇ ನೆಚ್ಚಿ ಬದುಕಿದ ರಂಗನಟರು ಮಾತಿಲ್ಲದ ತೆರೆಯ ಮೇಲೆ ನಿಂತಾಗ ಏನಾಯಿತೆಂಬುದು ವಿಚಾರಮಾಡತಕ್ಕ ವಿಷಯ. ಇಟಲಿಯ ಮಹಾನಟಿ ಎಲಿಯೊನೋರಾ ದೂಸೆ ನಟಿಸಿದ ಚಿತ್ರ ಒಂದೇ ಒಂದು: ೧೯೧೬ರ 'ಚೆನೆರೆ', ಎಂದರೆ 'ಬೂದಿ'. ಬಂದ ಕಾಲದಲ್ಲಿ ಅದು ಜನಾದರಣೆಯನ್ನು ಪಡೆಯಲಿಲ್ಲ. ಇಳಿವಯಸ್ಸಿನ ವಿಫಲ ಪ್ರಯೋಗವೆಂದು ಅದನ್ನು ಬದಿಗೆ ಸರಿಸುವವರುಂಟು. ಆ ತೀರ್ಪು ನ್ಯಾಯವಲ್ಲವೆಂದು ನನ್ನ ನಂಬಿಕೆ.

ದೂಸೆ ೧೮೫೮ರ ಅಕ್ಟೋಬರ್ ೩ರಂದು ವಿಜೆವಾನೊ ಎಂಬ ಊರಿನಲ್ಲಿ ಹುಟ್ಟಿದಳು. ತಂದೆತಾಯಿಗಳು ಊರೂರು ತಿರುಗಿ ನಾಟಕವಾಡುತ್ತಿದ್ದವರು, ತಾತನೂ ನಟ. ನಾಲ್ಕು ವರ್ಷದ ಕೂಸಾಗಿದ್ದಾಗಲೇ ಈಕೆ ರಂಗವನ್ನೇರಿದಳು. ಹದಿಹರೆಯದಲ್ಲಿ ವೆರೋನಾ ನಗರದಲ್ಲಿಯೇ ಜೂಲಿಯೆಟ್ಟಳ ಪಾತ್ರವನ್ನು ವಹಿಸಿದಳು. ಮುಂದೆ ಇಬ್ಸನ್, ಡ್ಯೂಮಾ, ದಾನುನ್‌ತ್ಸಿಯೊ ಮೊದಲಾದವರ ನಾಟಕಗಳನ್ನು ಹೊತ್ತು ಯೂರೋಪು, ರಷ್ಯ, ಅಮೆರಿಕಗಳನ್ನು ಸಂಚರಿಸಿದಳು. ೧೯೦೯ರಲ್ಲಿ, ಕೀರ್ತಿಯ ತುದಿಯಲ್ಲಿರುವಾಗಲೇ, ರಂಗಭೂಮಿಯನ್ನು ಬಿಟ್ಟಳು.

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯೆಂಬುದು ನಮ್ಮ ನಾಟ್ಯಶಾಸ್ತ್ರದ ಮತ. ಈ ವಿಭಾಗ ದೂಸೆಯ ಕಲೆಗೆ ಒಳ್ಳೆಯ ಒರೆಗಲ್ಲಾಗುತ್ತದೆ. ಆಕೆ ಮುಖಕ್ಕೆ ಬಣ್ಣ ಬಳಿಯುವುದನ್ನು ಒಲ್ಲದವಳು. ಎಂದಮೇಲೆ ಆಹಾರ್ಯ ಆಕೆಗೆ ಮುಖ್ಯವಲ್ಲ. ಆಕೆಯ ಶಕ್ತಿ ಇದ್ದುದು ಸಾತ್ತ್ವಿಕದಲ್ಲಿ. ೧೮೯೫ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಆಕೆಯೂ ಫ್ರಾನ್ಸಿನ ಸಾರಾ ಬರ್ನಾರಳೂ ಸುದರ್‌ಮನ್ನನ 'ಮಾಗ್ದಾ' ನಾಟಕವನ್ನು ಕೆಲವೇ ದಿನಗಳ ಅಂತರದಲ್ಲಿ ಆಡಿದರು. ಎರಡನ್ನೂ ನೋಡಿ ವಿಮರ್ಶೆ ಬರೆದ ಬರ್ನಾರ್ಡ್ ಷಾ ದೂಸೆಯ ಪಕ್ಷವನ್ನು ಹಿಡಿದನು. ಹಿಂದಿನ ಪ್ರಣಯಿ ಎದುರಿಗೆ ಬಂದಾಗ ದೂಸೆಯ ಮುಖ ನಿಜವಾಗಿ ಕೆಂಪೇರಿತೆಂಬುದು ಅವನನ್ನು ಬೆರಗುಗೊಳಿಸಿತು. ಇದು ನಮ್ಮವರು ಎಂಟು ಸಾತ್ತ್ವಿಕ ಭಾವಗಳಲ್ಲಿ ಎಣಿಸಿದ ವೈವರ್ಣ್ಯ. ಕೈಯನ್ನು ಬೇಕೆಂದಾಗ ಎತ್ತಬಹುದು. ಧ್ವನಿಯನ್ನು ಏರಿಸಬಹುದು, ಇಳಿಸಬಹುದು. ಮನಸ್ಸು ಪಾತ್ರದಲ್ಲಿ ಕರಗದೆ ಕೆನ್ನೆ ಕೆಂಪಾಗುವುದಿಲ್ಲ.

ಲೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ಹಣ ಕೊಟ್ಟು ಬಂದ ಜನರ ಮುಂದೆ ಚಲಚ್ಚಿತ್ರವನ್ನು ತೋರಿಸಿದ್ದು ಅದೇ ೧೮೯೫ರ ಡಿಸೆಂಬರಿನಲ್ಲಿ. ಆ ಹೊಸ ಯಂತ್ರದ ಮುಂದೆ ಮೊದಲು ನಿಂತವಳು ಬರ್ನಾರ್. ಆಕೆಯ 'ರಾಣಿ ಎಲಿಜಬೆತ್' ಚಿತ್ರ ೧೯೧೨ರಲ್ಲಿ ಅಮೆರಿಕದಲ್ಲಿಯೂ ಜಯಭೇರಿ ಹೊಡೆಯಿತು. ಅಲ್ಲಿ ಅದನ್ನು ಹಂಚಿದ ಅಡಾಲ್ಫ್ ಜೂಕರನ ಉದ್ಯಮಕ್ಕೆ ಅದೇ ಅಡಿಗಲ್ಲಾಯಿತು. ಆದರೆ ಇಂದು ಆ ಚಿತ್ರವನ್ನು ನೋಡುವವರಿಗೆ ವಿಷಾದವಾಗದೆ ಇರದು. ಉಡುಪು ವೈಭವವಾಗಿದೆ, ತೋಳುಗಳು ಮೇಲೇಳುತ್ತವೆ, ಬೀಸುತ್ತವೆ, ಕೊನೆಗೆ ರಾಣಿ ರಾಶಿಹಾಕಿದ ದಿಂಬುಗಳ ಮೇಲೆ ಮುಂದಕ್ಕೆ ಬೀಳುತ್ತಾಳೆ. ಯಾವ ಸ್ವರ್ಣಕಂಠಕ್ಕೆ ಲೋಕ ಮರುಳಾಗಿತ್ತೋ ಆ ಕಂಠ ಮಾತ್ರ ಇಲ್ಲ. ವಾಚಿಕವನ್ನು ಕಳೆದು, ಮಿಕ್ಕುದನ್ನೆಲ್ಲ ಇದ್ದಂತೆಯೇ ತೆರೆಗೆ ತಂದರೆ ಹೀಗಾಗುತ್ತದೆ. ದೊಡ್ಡ ರಂಗಮಂದಿರದ ಕೊನೆಯ ಸಾಲಿಗಾಗಿ ಅಳೆದ ಚಲನೆ ಕೆಮರಾದ ಮುಂದೆ ಅತಿಯಾಗುತ್ತದೆ. ಇದು ನಟಿಯ ಅಲ್ಪತ್ವವಲ್ಲ, ಮಾಧ್ಯಮದ ಭೇದ.

ದೂಸೆ ಈ ಭೇದವನ್ನು ಅರಿತಳು. 'ಚೆನೆರೆ' ಗ್ರಾಜಿಯಾ ದೆಲೆದ್ದಳ ಕಾದಂಬರಿಯನ್ನು ಅನುಸರಿಸಿದ ಚಿತ್ರ. ಈ ಲೇಖಕಿಗೆ ಮುಂದೆ ೧೯೨೬ನೆಯ ವರ್ಷದ ನೊಬೆಲ್ ಬಹುಮಾನ ಬಂದಿತು. ಟ್ಯೂರಿನ್ನಿನ ಅಂಬ್ರೋಸಿಯೊ ಸಂಸ್ಥೆಯ ಈ ಚಿತ್ರವನ್ನು ನಿರ್ದೇಶಿಸಿದವನೂ ಮಗನ ಪಾತ್ರವನ್ನು ವಹಿಸಿದವನೂ ಫೆಬೊ ಮಾರಿ. ಕಥೆ ಸಾರ್ಡಿನಿಯಾ ದ್ವೀಪದ್ದು. ಮದುವೆಯಿಲ್ಲದೆ ತಾಯಿಯಾದ ರೊಸಾಲಿಯಾ, ಮಗನಿಗಾದರೂ ಬಾಳು ಸಿಕ್ಕಲೆಂದು ಅವನ ಕೊರಳಿಗೊಂದು ತಾಯಿತವನ್ನು ಕಟ್ಟಿ, ತಂದೆಯ ಮನೆಗೆ ಸೇರಿಸಿ ಮರೆಯಾಗುತ್ತಾಳೆ. ಮಗ ಬೆಳೆದು ಅವಳನ್ನು ಹುಡುಕಿಕೊಂಡು ಬರುತ್ತಾನೆ. ತನ್ನ ಇರವೇ ಅವನ ಮದುವೆಗೆ ಅಡ್ಡಿಯೆಂದು ತಿಳಿದಾಗ ತಾಯಿ ಪ್ರಾಣವನ್ನೇ ನೀಗಿಕೊಳ್ಳುತ್ತಾಳೆ.

ಐವತ್ತೇಳರ ಆಸುಪಾಸಿನ ದೂಸೆ ತನ್ನ ನರೆಗೂದಲನ್ನು ಮರೆಮಾಚದೆ ಈ ಪಾತ್ರಕ್ಕೆ ನಿಂತಳು. ಆಕೆಯ ಅಭಿನಯದಲ್ಲಿ ಮೊದಲು ಕಣ್ಣಿಗೆ ಬೀಳುವುದು ಆಕೆ ಮಾಡದೆ ಬಿಟ್ಟದ್ದು. ಎದೆ ಬಡಿದುಕೊಳ್ಳುವುದಿಲ್ಲ, ಆಕಾಶಕ್ಕೆ ಕೈಚಾಚುವುದಿಲ್ಲ. ಅನೇಕ ಸಲ ಮುಖವೇ ನಮಗೆ ಕಾಣುವುದಿಲ್ಲ: ನೆರಳಿನಲ್ಲಿರುತ್ತದೆ, ಇಲ್ಲವೆ ಆಚೆಗೆ ತಿರುಗಿರುತ್ತದೆ. ಕಾಣುವುದು ಬಾಗಿದ ಬೆನ್ನು, ತಲೆಯ ಮೇಲಿನ ಮುಸುಕು, ಏನು ಮಾಡಬೇಕೆಂದು ತೋರದ ಎರಡು ಕೈಗಳು. ಮಗನನ್ನು ಕಂಡಾಗ ಅಪ್ಪಿಕೊಳ್ಳುವ ಹಂಬಲವೂ ಓಡಿಹೋಗುವ ನಾಚಿಕೆಯೂ ಆ ಕೈಗಳಲ್ಲಿಯೇ ಹೋರಾಡುತ್ತವೆ. ಕೆನ್ನೆ ಕೆಂಪಾದುದನ್ನು ಕಪ್ಪುಬಿಳುಪಿನ ಚಿತ್ರ ತೋರಿಸಲಾರದು. ವೈವರ್ಣ್ಯಕ್ಕೆ ಅಲ್ಲಿ ಎಡೆಯಿಲ್ಲ. ಸ್ತಂಭಕ್ಕೆ ಎಡೆಯಿತ್ತು, ಆಕೆ ಅದನ್ನು ಹಿಡಿದಳು. ಎಲ್ಲವೂ ಚಲಿಸುವ ಚಿತ್ರದಲ್ಲಿ ಚಲಿಸದೆ ನಿಲ್ಲುವುದಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಆಕೆಗಿಂತ ಹೆಚ್ಚು ಚಿತ್ರಗಳಲ್ಲಿ ನಟಿಸಿದವರೂ ಆಗ ಕಂಡುಕೊಂಡಿರಲಿಲ್ಲ.

ತಾರುಣ್ಯದಲ್ಲಿ ಮದುವೆಯಾಚೆ ಹುಟ್ಟಿದ ಕೂಸೊಂದನ್ನು ದೂಸೆ ಹಸುಳೆಯಲ್ಲಿಯೇ ಕಳೆದುಕೊಂಡಿದ್ದಳು. ಈ ಪಾತ್ರದ ಆಳಕ್ಕೆ ಅದೇ ಕಾರಣವೆಂದು ಹೇಳುವುದು ಸುಲಭ. ನನಗೆ ಅದು ಒಪ್ಪಿಗೆಯಾಗದು. ದುಃಖಪಟ್ಟವರೆಲ್ಲ ದುಃಖವನ್ನು ಅಭಿನಯಿಸಲಾರರು. ಅನುಭವ ಅದಿರು ಮಾತ್ರ, ಅದನ್ನು ಕರಗಿಸುವ ಕುಲುಮೆ ಕಲೆ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ದೊಡ್ಡ ಕಾದಂಬರಿಯನ್ನು ಸಣ್ಣ ಚಿತ್ರದೊಳಕ್ಕೆ ಅಡಕಿರುವುದರಿಂದ ಕಥೆ ಅಲ್ಲಲ್ಲಿ ಕುಪ್ಪಳಿಸುತ್ತದೆ. ಮಾರಿಯ ಅಭಿನಯ ಆ ಕಾಲದ ವಾಡಿಕೆಯದು. ತಾಯಿಯೊಂದು ಚಿತ್ರದಲ್ಲಿ, ಮಗ ಇನ್ನೊಂದು ಚಿತ್ರದಲ್ಲಿ ಇರುವಂತೆ ತೋರುತ್ತದೆ. ದೂಸೆಯಲ್ಲಿಯೂ ಕೊರತೆಯುಂಟು. ನೆರಳನ್ನು ಅರಸುವಾಗ ಆಕೆ ಕೆಲವು ಕಡೆ ಪಾತ್ರಕ್ಕಾಗಿ ಮುಖ ಮರೆಸಿಕೊಳ್ಳುತ್ತಾಳೋ ಕೆಮರಾಕ್ಕೆ ಅಂಜಿ ಮರೆಸಿಕೊಳ್ಳುತ್ತಾಳೋ ಎಂದು ಸಂಶಯ ಬರುತ್ತದೆ. ಇನ್ನೆರಡು ಚಿತ್ರಗಳು ಒದಗಿದ್ದರೆ ಆ ಅಂಜಿಕೆ ಕಳೆಯುತ್ತಿತ್ತೇನೋ, ಒದಗಲಿಲ್ಲ.

೧೯೨೧ರಲ್ಲಿ ದೂಸೆ ಟ್ಯೂರಿನ್ನಿನಲ್ಲಿ ಇಬ್ಸನ್ನನ ನಾಟಕದೊಡನೆ ಮತ್ತೆ ರಂಗಕ್ಕೆ ಮರಳಿದಳು. ಹುಟ್ಟಿನಿಂದ ಬಂದ ಅಲೆದಾಟ ಕೊನೆಯವರೆಗೂ ಬಿಡಲಿಲ್ಲ: ಅಮೆರಿಕದ ಪ್ರವಾಸದಲ್ಲಿದ್ದಾಗ, ೧೯೨೪ರ ಏಪ್ರಿಲ್ ೨೧ರಂದು, ಪಿಟ್ಸ್‌ಬರ್ಗ್ ನಗರದಲ್ಲಿ ತೀರಿಕೊಂಡಳು. ಆಕೆಯ ಮಾಗ್ದಾಳನ್ನು ಕಂಡವರು ಈಗ ಯಾರೂ ಇಲ್ಲ. ಜನರು ಒಲ್ಲದೆಹೋದ ಚಿತ್ರವೊಂದೇ ಆ ಚಲನೆಗೆ ಸಾಕ್ಷಿಯಾಗಿ ಉಳಿದಿದೆ.

ದೆಲೆದ್ದಳ ಕಾದಂಬರಿಯ ಕೊನೆಯಲ್ಲಿ ಮಗ ಆ ತಾಯಿತವನ್ನು ಬಿಚ್ಚಿ ನೋಡುತ್ತಾನೆ. ಒಳಗಿರುವುದು ಬೂದಿ. ಆದರೆ ಬೂದಿಯ ಅಡಿಯಲ್ಲಿ ಕಿಡಿ ಇರುವುದುಂಟೆಂದು ಅವನಿಗೆ ಹೊಳೆಯುತ್ತದೆ. ನಮ್ಮವರು ಬೂದಿ ಮುಚ್ಚಿದ ಕೆಂಡವೆನ್ನುತ್ತಾರಲ್ಲವೆ? ಮಾಸಿದ ಈ ಹಳೆಯ ಚಿತ್ರದಲ್ಲಿ ಆ ಎರಡು ಕೈಗಳನ್ನು ಒಮ್ಮೆ ತಾಳ್ಮೆಯಿಂದ ನೋಡಿದ ಸಹೃದಯರಿಗೆ ಕೆಂಡ ಇನ್ನೂ ಆರಿಲ್ಲವೆಂಬುದು ತಿಳಿದೀತು.